ಹಿಂದೆ ನೋಡುವ ಆರನೆಯ ಹಕ್ಕಿ

ಅವರ ಎಡಗೈ ಹೆಬ್ಬೆರಳಿನ ಉಗುರಿನ ತುದಿಯಲ್ಲಿ ಒಂದು ಕಚ್ಚು ಇತ್ತು. ಗಾಯದ್ದಲ್ಲ, ಬೇಕೆಂದೇ ಅರದಲ್ಲಿ ಉಜ್ಜಿ ಮಾಡಿಕೊಂಡದ್ದು. ಗ್ರಾಫ್ ಹಾಳೆಯ ಒಂದು ಚೌಕ ಆ ಕಚ್ಚಿನೊಳಗೆ ಅಳತೆ ತೆಗೆದಂತೆ ಕೂರುತ್ತಿತ್ತು. ಉಗುರು ಬೆಳೆದರೆ ಕತ್ತರಿಸಿ ಮತ್ತೆ ಹೊಸ ಕಚ್ಚು. ಆ ಉಗುರನ್ನು ಹಾಳೆಯ ಮೇಲೆ ಟಕ್ ಟಕ್ ಎಂದು ಸರಿಸುತ್ತಾ, ತುಟಿಯೊಳಗೇ ತೆಲುಗಿನಲ್ಲಿ ಎಣಿಸುವರು. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಬಯ್ಯುತ್ತಿರಲಿಲ್ಲ. ಉಗುರನ್ನು ಅಲ್ಲೇ ಒತ್ತಿ ಹಿಡಿದು, ತಲೆ ಎತ್ತಿ, ಬಂದವರು ಎದ್ದು ಹೋಗುವವರೆಗೂ ಸುಮ್ಮನೆ ನೋಡುತ್ತಿದ್ದರು. ಬೈಗುಳಕ್ಕಿಂತ ಅದೇ ಕಷ್ಟ.

ಅವರ ಕೆಲಸ ಸೀರೆಗೆ ಚಿತ್ರ ಬರೆಯುವುದು. ಅಂಚು, ಸೆರಗು, ಮೈಮೇಲಿನ ಬುಟ್ಟಾ, ಎಲ್ಲವನ್ನೂ ಮೊದಲು ಗ್ರಾಫ್ ಹಾಳೆಯಲ್ಲಿ ಚೌಕ ಚೌಕವಾಗಿ ತುಂಬಬೇಕು. ಒಂದು ಚೌಕವೆಂದರೆ ಮಗ್ಗದಲ್ಲಿ ಒಂದು ಎಳೆ. ಆ ಹಾಳೆ ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹಾಕುತ್ತಾರೆ, ಕಾರ್ಡು ನೋಡಿಕೊಂಡು ಮಗ್ಗ ಎಳೆ ಎತ್ತುತ್ತದೆ. ಹಾಳೆಯಲ್ಲಿ ಒಂದು ಚೌಕ ತಪ್ಪಿದರೆ ಸೀರೆಯುದ್ದಕ್ಕೂ ತಪ್ಪು. ಮೊಳಕಾಲ್ಮೂರಿನ ಆ ಬೀದಿಯಲ್ಲಿ ಚಿಕ್ಕವರು ದೊಡ್ಡವರೆಲ್ಲ ಅವರನ್ನು ಗ್ರಾಫ್ ಮಾಮ ಎಂದೇ ಕರೆಯುತ್ತಿದ್ದರು. ನನ್ನ ಹೆಂಡತಿ ಅದೇ ಬೀದಿಯ ಮಗಳು. ಹಾಗಾಗಿ ನಾನು ಅವರಿಗೆ ಅಲ್ಲುಡು, ಇಡೀ ಬೀದಿಯ ಅಳಿಯ.

ಮುಂದೆ ಹೋಗುವ ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ನಾನು ಹೆದರುವವನು. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ಸು ಬಂದಿದ್ದೇನೆ. ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟೇ ಬೇಕು, ಅವನು ತೂಕಡಿಸುತ್ತಾನೋ ಏನೋ ನಾನು ನೋಡಿಕೊಳ್ಳಬೇಕಲ್ಲ. ವಯಸ್ಸು ಐವತ್ತರ ಹತ್ತಿರ ಬಂದರೂ ಅಂಚೆಯವನು ಬಾಗಿಲು ತಟ್ಟಿದರೆ ಎದೆ ಧಸಕ್ ಎನ್ನುತ್ತದೆ. "ನೀವು ಹೆದರ್ಕೊಳ್ಳೋಕೇ ಅಂತ ಹುಟ್ಟಿದೋರು" ಎಂದು ನನ್ನ ಹೆಂಡತಿ ಮದುವೆಯಾದ ವಾರದಲ್ಲೇ ತೀರ್ಪು ಕೊಟ್ಟಾಗಿದೆ.

ನಾನು ಚಳ್ಳಕೆರೆಯಲ್ಲಿ ಬೋರ್ಡ್ ಬರೆಯುತ್ತಿದ್ದವನು. ಎಣ್ಣೆ ಮಿಲ್ಲು, ಗೊಬ್ಬರದ ಅಂಗಡಿ, ಹೋಟೆಲು, ಎಲ್ಲರ ಹೆಸರೂ ನನ್ನ ಬ್ರಷ್ಷಿನಿಂದಲೇ ಗೋಡೆ ಹತ್ತಿದವು. ಫ್ಲೆಕ್ಸ್ ಬಂತು, ಬ್ರಷ್ ಒಣಗಿತು. ಹೆದರಿಕೆಯಿಂದಲೇ ಕಂಪ್ಯೂಟರ್ ಕಲಿತೆ. ಹಾಗೆ ಕಲಿತದ್ದು ನಾಲ್ಕು ವರ್ಷದ ಹಿಂದೆ ಒಂದು ವಿಚಿತ್ರ ಕೆಲಸ ತಂದುಕೊಟ್ಟಿತು. ಟಿವಿಗೆ ಸಿಕ್ಕಿಸಿ ಆಡುವ ಕನ್ಸೋಲ್ ಇರುತ್ತದಲ್ಲ, ಅದಕ್ಕೊಂದು ಹೊಸ ಗೇಮ್. ಕಥೆ ನಡೆಯುವುದು ಹುಲ್ಲುಗಾವಲಿನಲ್ಲಿ. ಜಿಂಕೆ, ಹಕ್ಕಿ, ಕುರುಚಲು ಗಿಡ ಎಲ್ಲವೂ ಹಳೆಯ ಕಾಲದ ಗೇಮುಗಳ ಹಾಗೆ ಸಣ್ಣ ಸಣ್ಣ ಚೌಕ ಜೋಡಿಸಿದಂತೆ ಕಾಣಬೇಕು. ಕಂಪನಿ ಯಾವ ದೇಶದ್ದೋ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಹದಿನಾಲ್ಕು ಪುಟದ ಅಗ್ರಿಮೆಂಟ್ ಕಳಿಸಿದರು. ಎಷ್ಟು ಹೆದರಿದ್ದೆನೆಂದರೆ, ಓದಿದರೆ ಇನ್ನೂ ಹೆದರುತ್ತೇನೆಂದು ಓದದೇ ಸಹಿ ಮಾಡಿದೆ. ಆಮೇಲೆ ಓದಿದೆ. ಒಂಬತ್ತನೇ ಪುಟದಲ್ಲಿ ಹೀಗಿತ್ತು: ನಾನು ಕೊಡುವ ಪ್ರತಿಯೊಂದು ಚಿತ್ರವೂ ನನ್ನ ಸ್ವಂತದ್ದು, ಬೇರೆ ಯಾರದ್ದನ್ನೂ ತೆಗೆದುಕೊಂಡದ್ದಲ್ಲ, ಕೊಟ್ಟ ಮೇಲೆ ಅದು ಕಂಪನಿಯ ಸ್ವತ್ತು.

ಸಮಸ್ಯೆ ಏನೆಂದರೆ, ನಾಲ್ಕಡಿ ಅಕ್ಷರ ಬರೆದ ಕೈಗೆ ಮೂವತ್ತು ಚೌಕದೊಳಗೆ ಹಕ್ಕಿ ಕೂರಿಸಲು ಬರಲಿಲ್ಲ. ನನ್ನ ಜಿಂಕೆ ಮೇಜಿನ ಹಾಗೆ, ಹಕ್ಕಿ ಚೊಂಬಿನ ಹಾಗೆ ಬರುತ್ತಿತ್ತು. ಹೆಂಡತಿ ಹಿಂದೆ ನಿಂತು ನೋಡಿ, "ಗ್ರಾಫ್ ಮಾಮ ಜನ್ಮ ಪೂರ್ತಿ ಇದನ್ನೇ ಮಾಡಿದಾರೆ, ಹೋಗಿ ಕೇಳ್ರಿ" ಎಂದಳು.

ಹೋದೆ. ಹಾಳೆ, ಪೆನ್ಸಿಲು, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಭೂತಗನ್ನಡಿ, ಗೋಡೆಯ ಆಚೆ ಮಗ್ಗದ ಸದ್ದು. ನನ್ನ ಚೊಂಬನ್ನು ಮಾಮ ಭೂತಗನ್ನಡಿ ಹಿಡಿದು ನೋಡಿದರು.

"ಇದು ಏನಲ್ಲುಡೂ?"

"ಹಕ್ಕಿ ಮಾಮ."

"ಪಾಪ" ಎಂದರು.

ಆಮೇಲೆ ತಿಂಗಳುಗಟ್ಟಲೆ ಕಲಿಸಿದರು. ಭಾನುವಾರ ಬೆಳಿಗ್ಗೆ ತಳಕು ದಾಟಿ ಹೋಗುವ ಬಸ್ಸು ಹತ್ತುವುದು, ಸಂಜೆಗೆ ವಾಪಸ್ಸು. ದುಂಡಗೆ ಬೇಕಾದರೆ ಚೌಕವನ್ನು ಮೆಟ್ಟಿಲಿನ ಹಾಗೆ ಇಳಿಸಬೇಕು, ಎರಡು, ಎರಡು, ಒಂದು, ಒಂದು, ಆಮೇಲೆ ಎರಡು. ಕಾಲು ತೆಳ್ಳಗೆ ಕಾಣಬೇಕಾದರೆ ಕಾಲನ್ನು ಮುಟ್ಟಬೇಡ, ಹೊಟ್ಟೆಯನ್ನು ಒಂದು ಎಳೆ ಮೇಲೆತ್ತು. ಕಣ್ಣು ಬರೆಯಲು ಹೋದಾಗ ನನ್ನ ಕೈ ಹಿಡಿದುಬಿಟ್ಟರು. "ಕಣ್ಣು ಬರೀಬ್ಯಾಡ. ಅಲ್ಲಿ ಒಂದು ಮನೆ ಖಾಲಿ ಬಿಡು. ನೋಡೋರೇ ಕಣ್ಣು ಹಾಕ್ಕೋತಾರೆ." ಬಿಟ್ಟೆ. ಚೊಂಬು ನನ್ನನ್ನು ನೋಡಿತು.

ಒಂದು ಭಾನುವಾರ ಅವರ ಮುಂದೆ ಹಳೆಯದೊಂದು ಹಾಳೆ ಬಿಚ್ಚಿಕೊಂಡಿತ್ತು. ಹನ್ನೆರಡು ದೊಡ್ಡ ಹಕ್ಕಿಗಳ ಸಾಲು, ಉದ್ದ ಕತ್ತು, ಗಂಭೀರ ನಡಿಗೆ. ಅವರು ಚಿಕ್ಕವರಿದ್ದಾಗ ತಂದೆಯ ಜೊತೆ ಗಾಡಿಯಲ್ಲಿ ಸೀರೆ ಮಾರಲು ಹೋಗುವಾಗ ಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನಲ್ಲಿ ನೋಡಿದ ಹಕ್ಕಿಗಳಂತೆ. ಈಗ ಅಲ್ಲಿ ಕಾಂಪೌಂಡು ಗೋಡೆ ಉದ್ದಕ್ಕೆ ಹೋಗುತ್ತದೆ, ಹಕ್ಕಿ ಕಂಡವರನ್ನು ನಾನಂತೂ ಕಂಡಿಲ್ಲ. ಮಾಮ ಕಾಫಿ ತರಲು ಒಳಗೆ ಹೋದರು. ನನಗೆ ಮಾರನೆಯ ದಿನ ಹಕ್ಕಿಗಳ ಹಿಂಡು ಕಳಿಸಬೇಕಿತ್ತು, ಒಂದು ರೆಕ್ಕೆಯೂ ಆಗಿರಲಿಲ್ಲ. ಫೋನು ತೆಗೆದು ಹಾಳೆಯ ಫೋಟೋ ಹೊಡೆದುಕೊಂಡೆ. ಕೇಳಲಿಲ್ಲ. ಕಾಫಿ ಕುಡಿದೆ, ಚೆನ್ನಾಗಿತ್ತು ಎಂದೆ, ಬಸ್ಸು ಹತ್ತಿದೆ. ಮಾರನೆಯ ದಿನ ಚೌಕಕ್ಕೆ ಚೌಕ ಇಳಿಸಿ ನನ್ನ ಹೆಸರಿನಲ್ಲಿ ಕಳಿಸಿದೆ. ಕಂಪನಿಯವರು ಅದುವರೆಗಿನ ಕೆಲಸದಲ್ಲಿ ಇದೇ ಅತ್ಯುತ್ತಮ ಎಂದು ಬರೆದರು. ಆ ಕಾಗದವನ್ನು ಹೆಂಡತಿಗೆ ತೋರಿಸದೆ ಅಳಿಸಿಬಿಟ್ಟೆ.

ಅಂದಿನಿಂದ ಒಂಬತ್ತನೇ ಪುಟ ನನ್ನ ಹಿಂದೆ ಬಿತ್ತು. ಅನ್ನ ಕಲಸುವಾಗ ಒಂಬತ್ತನೇ ಪುಟ, ಸ್ನಾನ ಮಾಡುವಾಗ ಒಂಬತ್ತನೇ ಪುಟ. ಗೇಮ್ ಬಿಡುಗಡೆಯಾಗುತ್ತದೆ, ಮೊಳಕಾಲ್ಮೂರಿನವರು ಯಾರೋ ಆಡುತ್ತಾರೆ, ಹಕ್ಕಿ ಗುರುತಿಸುತ್ತಾರೆ, ಮಾಮನಿಗೆ ಹೇಳುತ್ತಾರೆ. ಆದ್ದರಿಂದ ಎಂಟು ತಿಂಗಳಾದ ಮೇಲೆ ಗೇಮ್ ರದ್ದಾಗಿದೆ ಎಂದು ಎರಡು ಸಾಲಿನ ಸುದ್ದಿ ಬಂದಾಗ, ಕೆಲಸ ಹೋದವನೊಬ್ಬ ಪೇಡ ಹಂಚಿದ್ದನ್ನು ನಮ್ಮ ಬೀದಿಯವರು ಮೊದಲ ಸಲ ನೋಡಿದರು.

ಮಾಮನಿಗೆ ವಿಷಯ ಹೇಳಿದೆ. ಅವರು ನನಗೆ ಬೇಜಾರಾಗಿದೆ ಎಂದುಕೊಂಡು ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದರು. "ಕ್ಯಾನ್ಸಲ್ ಆಯ್ತಾ? ನನ್ ಹತ್ರ ಕ್ಯಾನ್ಸಲ್ ಆಗಿದ್ದು ಪೆಟ್ಟಿಗೆ ತುಂಬ ಐತೆ, ನೋಡು." ಸುರುಳಿ ಸುತ್ತಿದ ಹಾಳೆಗಳು. ಒಂದನ್ನು ಬಿಚ್ಚಿದರು. "ಈ ನವಿಲು ಒಂದು ಮದುವೆ ಸೀರೇಗೆ ಬರ್ದಿದ್ದು. ಮದುವೆ ಮುರೀತು. ಬಾಲ ತೆಗ್ದು ಗಿಣಿ ಮಾಡ್ದೆ. ಇನ್ನೊಂದು ಮದುವೇಗೆ ಹೋಯ್ತು. ಅವ್ರು ಚೆನ್ನಾಗವ್ರೆ, ಎರಡು ಮಕ್ಳು." ಇನ್ನೊಂದು ಬಿಚ್ಚಿ, "ಈ ಆನೆ ಐದು ಸಲ ಕ್ಯಾನ್ಸಲ್ ಆಗೈತೆ. ಕೊನೇಗೆ ಕಿವಿ ಮಾತ್ರ ಎಲೆ ಆಗಿ ಬದುಕ್ತು" ಎಂದರು. "ನಿನ್ ಚಿತ್ರಾನೂ ಎಲ್ಲಾದ್ರೂ ಬರ್ತಾವೆ ಬಿಡು. ಭಯಪಡಕು, ಹೆದರಬ್ಯಾಡ."

ಸಮಾಧಾನಕ್ಕೆ ಹೇಳಿದ ಮಾತು. ನಾನು ಆ ರಾತ್ರಿ ಒಂಬತ್ತನೇ ಪುಟವನ್ನು ಮತ್ತೆ ಓದಿದೆ.

ಬಂದವು. ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಮಾಮನ ಸೊಸೆ ಫೋನ್ ಮಾಡಿದಳು. ಮನೆಯ ಎರಡು ಮಗ್ಗದ ಸೀರೆಗಳನ್ನು ಇಂಟರ್ನೆಟ್ಟಿನಲ್ಲಿ ಫೋಟೋ ಹಾಕಿ ಮಾರುತ್ತಿದ್ದವಳು ಅವಳೇ.

"ಅಣ್ಣಾ, ನೀವು ಕಂಪ್ಯೂಟರ್ ಬಲ್ಲೋರು, ಸ್ವಲ್ಪ ನೋಡ್ರಿ. ಹಕ್ಕಿ ಅಂಚಿನ ಸೀರೆ ಎಲ್ಲಾ ಸೈಟಿನೋರು ತೆಗ್ದಾಕವ್ರೆ. ಇದು ಬೇರೆಯೋರ ಚಿತ್ರ, ನೀವು ಕದ್ದೀರಿ ಅಂತ ಬಂದೈತೆ. ಮತ್ತೆ ಹಾಕಿದ್ರೆ ಅಂಗ್ಡೀನೇ ಮುಚ್ತೀವಿ ಅಂತಾರೆ."

ಅವಳು ಕಳಿಸಿದ್ದನ್ನು ತೆರೆದೆ. ರದ್ದಾದ ಗೇಮಿನ ಚಿತ್ರಗಳನ್ನೆಲ್ಲ ಕಂಪನಿ ಒಂದು ಫೋನ್ ಗೇಮಿಗೆ ಹಾಕಿತ್ತು. ಆ ಗೇಮ್ ಓಡಿತ್ತು. ಹಕ್ಕಿಗಳ ಸಾಲನ್ನು ದುಪಟ್ಟಾ, ಚೀಲ, ಟವೆಲ್ಲುಗಳ ಮೇಲೂ ಅಚ್ಚು ಹಾಕಿ ಮಾರುತ್ತಿದ್ದರು. ಅದೇ ಹಕ್ಕಿ ಬೇರೆಲ್ಲಿ ಕಂಡರೂ ದೂರು. ಪುರಾವೆಗೆ ಗೇಮಿನ ಚಿತ್ರ ಜೊತೆಗಿತ್ತು. ಹನ್ನೆರಡು ಹಕ್ಕಿ. ನಾನು ಮೊದಲ ಸಲ ಕಣ್ಣಿಟ್ಟು ನೋಡಿದೆ. ಹನ್ನೊಂದು ಮುಂದೆ ನೋಡುತ್ತಿದ್ದವು. ಆರನೆಯದು ಕತ್ತು ಹೊರಳಿಸಿ ಹಿಂದೆ ನೋಡುತ್ತಿತ್ತು. ಇಳಿಸುವಾಗ ಚೌಕ ಎಣಿಸಿದ್ದೆನೇ ಹೊರತು ಹಕ್ಕಿಯನ್ನು ನೋಡಿರಲಿಲ್ಲ.

"ನೋಡ್ತೀನಮ್ಮ" ಎಂದೆ. "ಸರ್ವರ್ ಪ್ರಾಬ್ಲಂ ಇರ್ಬೇಕು."

ನನ್ನ ಜೀವನದ ಅತಿ ಹೀನ ವಾಕ್ಯ ಅದು. ಸರಿಮಾಡುವುದಿದ್ದರೆ ಒಂದೇ ದಾರಿ: ನಾನು ಸಹಿ ಮಾಡಿದ್ದು ಸುಳ್ಳು, ಹಕ್ಕಿ ಮಾಮನದು ಎಂದು ಕಂಪನಿಗೆ ಬರೆಯಬೇಕು. ಬರೆದರೆ ಕೋರ್ಟು, ಚಳ್ಳಕೆರೆಯ ಮನೆ ಹರಾಜು, ನನ್ನ ಕೈಗೆ ಕೋಳ. ಬರೆಯದಿದ್ದರೆ ಹಕ್ಕಿ ಕಂಡವರೇ ಕಳ್ಳರಾಗಿ ಉಳಿಯುತ್ತಾರೆ, ಎರಡು ಮಗ್ಗ ನಿಲ್ಲುತ್ತವೆ. ಹನ್ನೊಂದು ದಿನ ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಓಡಾಡಿದೆ. ಹನ್ನೆರಡನೆಯ ದಿನ ಹೆಂಡತಿ ಅಕ್ಕಿ ತೆಗೆಯಲು ಹೋಗಿ ಫೋನು ಹಿಡಿದುಕೊಂಡು ಬಂದಳು. ಏಳು ಕರೆ, ಎಲ್ಲ ಸೊಸೆಯದೇ. ನಾನು ಹೇಳಿಬಿಟ್ಟೆ. ಅವಳು ಬಯ್ಯಲಿಲ್ಲ. ಚೀಲಕ್ಕೆ ಒಂದು ಟವೆಲು ಹಾಕಿ, "ಮೊದಲ್ನೇ ಬಸ್ಸಿಗೆ ಹೋಗ್ರಿ" ಎಂದಳಷ್ಟೆ.

ಆ ದಿನ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು, ಇವನು ಸ್ವಲ್ಪ ತೂಕಡಿಸಬಾರದೇ ಎಂದು ಬಯಸಿದೆ.

ಬೀದಿಗೆ ಕಾಲಿಟ್ಟಾಗಲೇ ಗೊತ್ತಾಯಿತು. ಆ ಮನೆಯ ಕಡೆಯಿಂದ ಮಗ್ಗದ ಸದ್ದಿರಲಿಲ್ಲ. ಒಳಗೆ ಮಾಮ ಗೋಡೆಗೊರಗಿ ಕೂತಿದ್ದರು. ಸೊಸೆ ಪಕ್ಕದಲ್ಲಿ ನಿಂತಿದ್ದಳು. "ಬಂದ್ಯಾ ಅಲ್ಲುಡೂ, ಕೂರ್ಚೋ. ನೋಡು, ಈ ವಯಸ್ಸಲ್ಲಿ ನನ್ನ ಕಳ್ಳ ಅಂತಾರೆ" ಎಂದು ನಗಲು ನೋಡಿದರು. ಆಗಲಿಲ್ಲ.

ನಾನು ಕೂರಲಿಲ್ಲ. ಗೇಮಿನ ಚಿತ್ರವನ್ನು ಹಾಳೆಯ ಮೇಲೆ ಪ್ರಿಂಟ್ ಹಾಕಿಸಿ ತಂದಿದ್ದೆ, ಕೊಟ್ಟೆ. "ಮಾಮ, ಇದು ನಾನು ಕಳಿಸಿದ್ದು. ಅವತ್ತು ನೀವು ಕಾಫಿ ತರೋಕೆ ಹೋಗಿದ್ರಿ. ಫೋಟೋ ತೆಗ್ದೆ. ನನ್ನದೇ ಅಂತ ಸಹಿ ಮಾಡ್ದೆ."

ಅವರು ಭೂತಗನ್ನಡಿ ಎತ್ತಿಕೊಂಡರು. ಉಗುರನ್ನು ಮೊದಲ ಹಕ್ಕಿಯ ಮೇಲಿಟ್ಟರು. ಟಕ್. ಎರಡನೆಯದು. ಟಕ್. ಆರನೆಯದರ ಮೇಲೆ ಉಗುರು ನಿಂತಿತು. ಅಲ್ಲೇ ಒತ್ತಿ ಹಿಡಿದು ತಲೆ ಎತ್ತಿ ನನ್ನನ್ನು ನೋಡಿದರು. ಎದ್ದು ಹೋಗಲಿ ಎಂದು ನೋಡುತ್ತಾರಲ್ಲ, ಹಾಗೆ. ಈ ಸಲ ನಾನು ಹೊರಟು ಹೋಗುವ ಹಾಗಿರಲಿಲ್ಲ.

"ಕೇಳಿದ್ರೆ ಕೊಡ್ತಿರ್ಲಿಲ್ವಾ?" ಎಂದರು.

ಅವತ್ತು ಕಾಫಿಯನ್ನೂ ಕೊಡಲಿಲ್ಲ. ಬೀದಿಯ ಅಳಿಯನಿಗೆ ಆ ಮನೆಯಲ್ಲಿ ಕಾಫಿ ಇಲ್ಲದ ದಿನ ಅದೊಂದೇ.

ಆಮೇಲೆ ಎದುರು ಗೋಡೆ ನೋಡುತ್ತಾ ಹೇಳಿದರು. "ಸೀರೆ ಮೇಲೆ ನೇಯ್ದೋನ ಹೆಸ್ರು ಇರಲ್ಲ, ಬರ್ದೋನ ಹೆಸ್ರಂತೂ ಇಲ್ಲವೇ ಇಲ್ಲ. ಅದಕ್ಕೆ ಒಂದು ಹಕ್ಕಿ ಹಿಂದಕ್ಕೆ ತಿರುಗ್ಸಿದ್ದೆ. ಎಲ್ಲಿ ಸಿಕ್ಕಿದ್ರೂ ನಂದು ಅಂತ ನಂಗೊಬ್ಬನಿಗೆ ಗೊತ್ತಾಗ್ಲಿ ಅಂತ." ಆಮೇಲೆ ಇನ್ನೊಂದು ಮಾತು ಸೇರಿಸಿದರು. "ಕಾವಲಲ್ಲಿ ಹಿಂಗೇ ನೋಡಿದ್ದು. ಎಲ್ಲಾ ಮೇಯ್ಕೊಂಡು ಹೋಗ್ತಾವೆ, ಒಂದು ಮಾತ್ರ ನಿಂತು ಹಿಂದೆ ನೋಡ್ತತೆ. ಅದಕ್ಕೆ ಭಯ. ಅದು ಭಯಬೀಳೋದ್ರಿಂದ ಮಿಕ್ಕಿದ್ದು ಮೇಯ್ತವೆ."

ಸೊಸೆ ನಡುವೆ ಬಾಯಿ ಹಾಕಿದಳು. "ಹಕ್ಕಿ ಕಥೆ ಇರ್ಲಿ ಮಾಮಯ್ಯ. ಈಗೇನು ಮಾಡೋದು?"

"ಏನು ಮಾಡೋದು? ಬರೀತಾನೆ. ನಡೆದಿದ್ದು ನಡೆದಂಗೆ ಬರೀತಾನೆ."

"ಮಾಮ, ಬರೆದ್ರೆ ನನ್ನ ಜೈಲಿಗೆ..."

"ಹೋಗು. ಊಟ ಇವಳು ತರ್ತಾಳೆ."

ಸೊಸೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಉಪ್ಪು ಹಾಕಲ್ಲ" ಎಂದಳು.

ಬರೆಯುವುದಕ್ಕೆ ಪುರಾವೆ ಬೇಕಿತ್ತು. ಮಾಮನ ಹಾಳೆ ಇತ್ತು, ಆದರೆ ಹಾಳೆ ನಿನ್ನೆ ಬರೆದದ್ದು ಎಂದು ಕಂಪನಿಯವರು ಹೇಳಬಹುದು. ಸಂಜೆಯೊಳಗೆ ಬೀದಿಯ ಹೆಂಗಸರು ಟ್ರಂಕು ತೆಗೆದರು. ನುಸಿಗುಳಿಗೆ ವಾಸನೆಯ ಹಳೆಯ ಸೀರೆಗಳು ಜಗಲಿಯ ಮೇಲೆ ಬಿಚ್ಚಿಕೊಂಡವು, ಎಲ್ಲದರ ಅಂಚಿನಲ್ಲೂ ಆರನೆಯ ಹಕ್ಕಿ ಹಿಂದೆ ನೋಡುತ್ತಿತ್ತು. ಅಷ್ಟರಲ್ಲಿ ಚಳ್ಳಕೆರೆಯಿಂದ ಹೆಂಡತಿ ಒಂದು ಫೋಟೋ ಕಳಿಸಿದಳು. ನಮ್ಮ ಮದುವೆಯದು, ಹತ್ತೊಂಬತ್ತು ವರ್ಷದ ಹಿಂದಿನದು, ಮೂಲೆಯಲ್ಲಿ ತಾರೀಖು ಅಚ್ಚಾಗಿದೆ. ಅವಳ ಮಡಿಲ ಮೇಲೆ ಸೀರೆಯ ಅಂಚು ಸ್ಪಷ್ಟವಾಗಿ ಹರಡಿದೆ. ಹನ್ನೆರಡು ಹಕ್ಕಿ. ಕದ್ದ ಮಾಲು ಅಷ್ಟೂ ವರ್ಷ ನನ್ನ ಬೀರುವಿನಲ್ಲೇ ಮಡಚಿ ಕೂತಿತ್ತು.

ಮಾಮ ಫೋನಿನ ಮೇಲೆ ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ನಗುತ್ತಿದ್ದರು. ಫೋಟೋದಲ್ಲಿ ಮನೆಮಂದಿಯೆಲ್ಲ ಕ್ಯಾಮೆರಾ ನೋಡುತ್ತಿದ್ದಾರೆ, ನಾನೊಬ್ಬ ಬಾಸಿಂಗ ಕಟ್ಟಿಕೊಂಡು ಕತ್ತು ಹೊರಳಿಸಿ ಹಿಂದೆ ನೋಡುತ್ತಿದ್ದೇನೆ. ಹಿಂದುಗಡೆ ಜನರೇಟರ್ ಇತ್ತು. ಬೆಂಕಿ ಹತ್ತುತ್ತದೆಂದು ನನಗೆ ಖಾತ್ರಿಯಾಗಿತ್ತು.

"ಆರನೇದು ಇಲ್ಲೈತೆ ನೋಡ್ರೇ!" ಎಂದು ಇಡೀ ಬೀದಿಗೆ ತೋರಿಸಿದರು. ಅಷ್ಟರಿಂದ ನನ್ನನ್ನು ಕ್ಷಮಿಸಿದರೆಂದು ಹೇಳಲಾರೆ. ಆದರೆ ಮುಂದಿನ ಭಾನುವಾರ ಕಾಫಿ ಬಂತು. ಕೊಡುವ ಮೊದಲು ಹಾಳೆಗಳನ್ನೆಲ್ಲ ಸುತ್ತಿ ಅಟ್ಟದ ಮೇಲಿಟ್ಟರು, ಅದೂ ನಿಜ.

ಕಂಪನಿಗೆ ಕಾಗದವನ್ನು ಅವತ್ತೇ ಅವರ ಜಗಲಿಯ ಮೇಲೆ ಕೂತು ಬರೆದಿದ್ದೆ. ಕಳಿಸುವ ಗುಂಡಿ ಒತ್ತಲು ನನ್ನ ಬೆರಳು ಒಪ್ಪದೆ ನಿಂತಾಗ, ಮಾಮ ತಮ್ಮ ಕಚ್ಚಿನ ಉಗುರಿನಿಂದ ತಾವೇ ಒತ್ತಿದರು. ಮೂರು ವಾರ ನಾನು ಪ್ರತಿ ಜೀಪಿನ ಸದ್ದಿಗೂ ಹಿತ್ತಲ ಬಾಗಿಲು ನೋಡಿದೆ. ಆಮೇಲೆ ಎರಡು ಸಾಲು ಬಂತು: ದೂರು ವಾಪಸ್ಸು ಪಡೆದಿದ್ದೇವೆ, ನಿಮ್ಮ ಮೇಲೆ ಕ್ರಮದ ವಿಚಾರ ಪರಿಶೀಲನೆಯಲ್ಲಿದೆ. ಪರಿಶೀಲನೆ ಇನ್ನೂ ಮುಗಿದಿಲ್ಲ. ಇದನ್ನು ಬರೆಯುತ್ತಿರುವಾಗಲೂ ಕಿವಿ ಬಾಗಿಲ ಕಡೆಗೇ ಇದೆ. ಸೊಸೆಯ ಸೀರೆಗಳು ಮತ್ತೆ ಅಂಗಡಿಗೆ ಬಂದವು. ಎರಡು ಮಗ್ಗ ಮತ್ತೆ ಸದ್ದು ಮಾಡಿದವು.

ಕೆಲವು ತಿಂಗಳಾದ ಮೇಲೆ ಗೇಮಿನ ಹೊಸ ಆವೃತ್ತಿ ಬಂತು. ಹಕ್ಕಿಗಳು ಅಲ್ಲೇ ಇದ್ದವು. ರೆಕ್ಕೆಯ ಬಣ್ಣ ಬದಲಾಗಿತ್ತು, ಕಾಲು ಕೊಂಚ ಉದ್ದವಾಗಿತ್ತು. ಆರನೆಯದನ್ನು ಮುಂದಕ್ಕೆ ತಿರುಗಿಸಿದ್ದರು. ಹನ್ನೆರಡೂ ಒಂದೇ ಕಡೆ ನೋಡುತ್ತಿದ್ದವು. ನನಗೆ ಸಿಟ್ಟು ಬಂತು, ಅಪರೂಪಕ್ಕೆ. ಮಾಮನಿಗೆ ತೋರಿಸಿ, "ಇನ್ನೊಂದು ಕಾಗದ ಬರೀತೀನಿ ಮಾಮ, ಹೆದರಲ್ಲ" ಎಂದೆ.

ಅವರು ಫೋನನ್ನು ದೂರ ಹಿಡಿದು ನೋಡಿದರು. "ಬ್ಯಾಡ ಬಿಡು. ಈಗ ಅದು ನಂದಲ್ಲ" ಎಂದು ವಾಪಸ್ಸು ಕೊಟ್ಟರು.

ಮಾಮ ಹೋದದ್ದು ಈ ವರ್ಷದ ಬೇಸಿಗೆಯಲ್ಲಿ. ಒಂದು ಮಧ್ಯಾಹ್ನ ಹಾಳೆ ಮುಂದಿಟ್ಟುಕೊಂಡು ಕೂತವರು ಎಣಿಸುವುದನ್ನು ನಿಲ್ಲಿಸಿದರಂತೆ. ಕರೆದರೂ ತಲೆ ಎತ್ತದೇ ಇದ್ದಾಗ ಸೊಸೆಗೆ ಗೊತ್ತಾಯಿತು. ಹೆಬ್ಬೆರಳ ಉಗುರು ಹಾಳೆಯ ಮೇಲೆ ಒತ್ತಿದ ಹಾಗೆಯೇ ಇತ್ತು. ಅದು ಹೊಸ ಅಂಚು, ಕಾವಲಿನ ಹಕ್ಕಿಗಳೇ, ಈ ಸಲ ಚಿಕ್ಕವು. ಐದು ಹಕ್ಕಿ ಮುಗಿದಿದ್ದವು. ಏಳರಿಂದ ಹನ್ನೆರಡರವರೆಗೂ ಮುಗಿದಿದ್ದವು. ಆರನೆಯದನ್ನು ಅವರು ಯಾವಾಗಲೂ ಕೊನೆಗೇ ಬರೆಯುತ್ತಿದ್ದರಂತೆ, ನನಗೆ ಅದೂ ಗೊತ್ತಿರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಸೊಸೆ ಆ ಹಾಳೆಯನ್ನು ತಂದು ನನ್ನ ಕೈಗಿಟ್ಟಳು. "ನೀವೇ ಬರೀರಿ ಅಣ್ಣಾ. ಅವರ ಕೈ ಬರೋದು ನಿಮಗೊಬ್ರಿಗೇ."

ಎರಡು ತಿಂಗಳು ಅದನ್ನು ಬೀರುವಿನಲ್ಲಿ, ಹೆಂಡತಿಯ ಮದುವೆ ಸೀರೆಯ ಪಕ್ಕ ಇಟ್ಟೆ. ಗೆದ್ದಲು ಹತ್ತೀತೆಂದು ದಿನಾ ತೆಗೆದು ನೋಡುತ್ತಿದ್ದೆ, ಬರೆಯುತ್ತಿರಲಿಲ್ಲ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಉಗುರಿಗೆ ಅರ ಹಾಕಿ ಕಚ್ಚು ಮಾಡಿಕೊಂಡೆ. ವಕ್ರವಾಗಿ ಬಂತು. ಒಂದು ಹಕ್ಕಿ ಮೂಡಿಸಲು ಮಧ್ಯಾಹ್ನವಾಯಿತು. ಒಂಬತ್ತು ಸಲ ಎಣಿಸಿದೆ. ಕಣ್ಣಿನ ಜಾಗದಲ್ಲಿ ಒಂದು ಮನೆ ಖಾಲಿ ಬಿಟ್ಟೆ.

ಕಾರ್ಡು ಹೊಡೆಸಿ ಮಗ್ಗಕ್ಕೆ ಏರಿಸಿದ ದಿನ, ಹೊಸದಾಗಿ ಕೆಲಸಕ್ಕೆ ಬಂದ ನೇಕಾರ ಫೋನ್ ಮಾಡಿದ. ಹಿಂದೆ ಮಗ್ಗದ ಸದ್ದು ನಿಂತಿತ್ತು.

"ಸಾರ್, ಹಕ್ಕಿ ಸಾಲಲ್ಲಿ ಒಂದು ಉಲ್ಟಾ ಬರ್ತಾ ಐತೆ. ಗ್ರಾಫ್ ತಪ್ಪೈತೇನು? ನಿಲ್ಲಿಸ್ಬಿಡ್ಲಾ?"

"ಎಷ್ಟನೇದು?"

"ಆರನೇದು ಸಾರ್."

"ತಪ್ಪಲ್ಲಪ್ಪ" ಎಂದೆ. "ಹಂಗೇ ನೇಯಿ."

ಮಗ್ಗ ಮತ್ತೆ ಶುರುವಾದದ್ದು ಫೋನಿನಲ್ಲೇ ಕೇಳಿಸಿತು. ಇಟ್ಟ ಮೇಲೆ ನೆನಪಾಯಿತು, ಕತ್ತಿನ ಹತ್ತಿರ ಒಂದು ಚೌಕ ನಾನು ಎರಡು ಸಲ ಎಣಿಸಿರಬಹುದು. ಟವೆಲು ಹೆಗಲಿಗೆ ಹಾಕಿಕೊಂಡು ಮೊಳಕಾಲ್ಮೂರು ಬಸ್ಸಿಗೆ ಓಡಿದೆ.